ಅಜ್ಜಿಯ ಕೋಣೆಗೆ ಲಬಾನ್ ಕೋಳಿ

ದುಬೈಯ ಇಂಟರ್‌ನ್ಯಾಷನಲ್ ಸಿಟಿಯ ನಮ್ಮ ಕಟ್ಟಡದ ಕಾರಿಡಾರಿನಲ್ಲಿ ಕೋಳಿ ಬೇಯುವ ವಾಸನೆ ಬಂದರೆ ನನ್ನ ಮೂಗು ಮೊದಲು ಹುಡುಕುವುದು ತೆಂಗಿನಕಾಯಿಯನ್ನು. ಹುರಿದ ಕಾಯಿತುರಿಯ ಪರಿಮಳ ಸಿಕ್ಕಿದರೆ ನಮ್ಮ ಕಡೆಯವರು ಯಾರೋ ಇದ್ದಾರೆ ಎಂದು ಸಮಾಧಾನ. ಸಿಗದಿದ್ದರೆ ಯಾರದೋ ಮನೆ, ಏನೋ ಅಡುಗೆ ಎಂದು ನನ್ನ ಪಾಡಿಗೆ ನಾನು ಹೋಗುತ್ತೇನೆ. ಆದರೆ ಮೊನ್ನೆ ಲಿಫ್ಟಿನಿಂದ ಇಳಿದಾಗ ಮೂಗಿಗೆ ಬಡಿದದ್ದು ಬೇರೆಯೇ ವಾಸನೆ. ಕಾಳುಮೆಣಸು, ಬೆಳ್ಳುಳ್ಳಿ, ಎಣ್ಣೆಯಲ್ಲಿ ಮೈದಾ ಕೆಂಪಗಾಗುವಾಗಿನ ಬಿಸ್ಕತ್ತಿನಂಥ ಪರಿಮಳ, ಅದರ ಅಡಿಯಲ್ಲೆಲ್ಲೋ ಹುಳಿ ಮಜ್ಜಿಗೆಯ ಒಂದು ಎಳೆ. ಹೊಸದಾಗಿ ಜನ ಬಂದಿದ್ದ ಪಕ್ಕದ ಫ್ಲ್ಯಾಟಿನ ಬಾಗಿಲ ಸಂದಿಯಿಂದ ಬರುತ್ತಿತ್ತು. ಕೀಲಿಕೈ ಹಿಡಿದು ಹಾಗೇ ನಿಂತುಬಿಟ್ಟೆ. ನನಗೆ ಹೊಳೆದ ಮೊದಲ ಯೋಚನೆ ಹೇಳಿದರೆ ನೀವು ನಗುತ್ತೀರಿ. ಈ ಮನೆಯೊಳಗೆ ಯಾರನ್ನೋ ಅಡಗಿಸಿಟ್ಟಿದ್ದಾರೆ ಎಂದುಕೊಂಡೆ.

ಸಂಶಯ ನನ್ನ ಹುಟ್ಟುಗುಣ. ಹಾಲಿನ ಬಾಟಲಿಯ ಮೇಲೆ ತಾರೀಖು ಎಷ್ಟು ದೊಡ್ಡದಾಗಿ ಬರೆದಿದ್ದರೂ ಮೂಸಿ ನೋಡದೆ ಚಹಾಕ್ಕೆ ಹಾಕುವವಳಲ್ಲ. ಬಾಗಿಲಿಗೆ ಬೀಗ ಹಾಕಿ ಲಿಫ್ಟಿನವರೆಗೆ ಹೋಗಿ, ಮತ್ತೆ ಬಂದು ಹಿಡಿ ಜಗ್ಗಿ ನೋಡುತ್ತೇನೆ. ಯಾರಾದರೂ ಸುಮ್ಮಸುಮ್ಮನೆ ಹೊಗಳಿದರೆ ಕೈ ತಾನಾಗಿ ಪರ್ಸಿನ ಮೇಲೆ ಹೋಗುತ್ತದೆ. 'ಅಮ್ಮಾ, ಯೂ ಡೋಂಟ್ ಟ್ರಸ್ಟ್ ಎನಿಬಡಿ' ಎಂದು ಮಗಳು ಶ್ರೇಯಾ ಗೊಣಗುತ್ತಾಳೆ. ನಾನು ಕನ್ನಡದಲ್ಲಿ ಬೈದರೂ ಅವಳ ಉತ್ತರ ಇಂಗ್ಲಿಷಿನಲ್ಲೇ. ಹಗ್ಗ ಕಂಡರೂ ಹಾವು ಅನ್ನುವ ಜಾತಿ ನಿನ್ನದು ಎಂದು ನನ್ನ ಅಮ್ಮನೂ ಹೇಳುತ್ತಿದ್ದಳು. ಹೇಳಲಿಕ್ಕೆ ಅವಳಿಗೆ ಬಾಯಿ ಹೇಗೆ ಬರುತ್ತಿತ್ತೋ! ಈ ಬುದ್ಧಿಯನ್ನು ನನಗೆ ಕಲಿಸಿದ್ದೇ ಅವಳ ಮನೆ. ಆ ಮನೆ ದುಬೈಯ ಹಳೆಯ ಬಡಾವಣೆ ಸತ್ವಾದಲ್ಲಿತ್ತು, ಈಗ ಇಲ್ಲ.

ಟೈಲರ್ ಅಂಗಡಿಗಳ ಹಿಂದಿನ ಗಲ್ಲಿಯಲ್ಲಿ, ಕಾರಿನ ಸೀಟು ಹೊಲಿಯುವ ಗ್ಯಾರೇಜಿಗೆ ಅಂಟಿಕೊಂಡಂತೆ ಒಂದು ಹಳೆಯ ವಿಲ್ಲಾ. ವಿಲ್ಲಾದಲ್ಲಿದ್ದೇವೆ ಎಂದರೆ ಊರಿನವರ ಕಣ್ಣಿಗೆ ಬಂಗಲೆಯೇ ಕಾಣುತ್ತಿತ್ತು, ನಾವೂ ತಿದ್ದಲು ಹೋಗುತ್ತಿರಲಿಲ್ಲ. ಅಸಲಿಗೆ ನಮಗಿದ್ದದ್ದು ಒಂದು ಕೋಣೆ, ಅದರ ಪಕ್ಕಕ್ಕೆ ಕಿಟಕಿಯಿಲ್ಲದ ಒಂದು ಸ್ಟೋರ್ ರೂಮು. ಉಳಿದ ಭಾಗದಲ್ಲಿ ಜೆಸಿಂತಾ ಆಂಟಿಯ ಸಂಸಾರ. ಆಂಟಿ ಮಂಗಳೂರಿನ ಕೊಂಕಣಿ ಕ್ರಿಶ್ಚಿಯನ್ನರು, ಆಸ್ಪತ್ರೆಯೊಂದರ ರಿಸೆಪ್ಶನ್ನಿನಲ್ಲಿ ಕೆಲಸ. ವಿಲ್ಲಾದ ಕರಾರು ಅವರ ಗಂಡನ ಹೆಸರಲ್ಲಿತ್ತು. ನಾವು ಅವರ ಕೈಕೆಳಗಿನ ಬಾಡಿಗೆದಾರರು. ಗೇಟಿನ ಒಳಗೆ ಏನೇ ಹೆಚ್ಚುಕಡಿಮೆಯಾದರೂ ಉತ್ತರ ಹೇಳಬೇಕಾದವರು ಆ ಗಂಡಹೆಂಡತಿ. ನಡುವೆ ಸಿಮೆಂಟಿನ ಅಂಗಳ, ಅಂಗಳದ ಆಚೆಗೆ ಎರಡೂ ಮನೆಗೆ ಸೇರಿದ ಒಂದೇ ಅಡುಗೆಮನೆ. ಒಲೆ ಬೇರೆ, ಕಪಾಟು ಬೇರೆ, ಫ್ರಿಜ್ಜು ಮಾತ್ರ ಒಂದೇ. ಅಂಥ ಅಡುಗೆಮನೆಯಲ್ಲಿ ನೀವೂ ಬೆಳೆದಿದ್ದರೆ ನಿಮಗೆ ಗೊತ್ತು, ಒಬ್ಬರ ಪಾತ್ರೆಯಲ್ಲಿ ಏನು ಬೇಯುತ್ತಿದೆ ಎಂದು ಇನ್ನೊಬ್ಬರಿಗೆ ಮುಚ್ಚಳ ತೆರೆಯದೆಯೇ ತಿಳಿಯುತ್ತದೆ. ಉಪ್ಪು ಜಾಸ್ತಿಯಾದದ್ದೂ ಗೊತ್ತಾಗುತ್ತದೆ, ಜಗಳವಾದದ್ದೂ ಗೊತ್ತಾಗುತ್ತದೆ.

ಪಪ್ಪ ಒಂದು ಹೋಟೆಲಿನ ಲಾಂಡ್ರಿಯಲ್ಲಿ ಸೂಪರ್‌ವೈಸರ್. ಯಾರಾದರೂ ಬಾಗಿಲು ತಟ್ಟಿದರೆ ಮೊದಲು ಟಿವಿಯ ಸದ್ದು ತಗ್ಗಿಸಿ, ಪರದೆ ಸರಿಸಿ ನೋಡಿ, ಆಮೇಲೆ ಚಿಲಕ ತೆಗೆಯುವ ಮನುಷ್ಯ. ಪರದೇಶದಲ್ಲಿ ನಮ್ಮ ಬದುಕು ಪಾಸ್‌ಪೋರ್ಟಿನಲ್ಲಿ ಅಂಟಿಸಿದ ಒಂದು ಕಾಗದದ ಮೇಲೆ ನಿಂತಿದೆ ಎನ್ನುವುದನ್ನು ಅವರು ನಿದ್ದೆಯಲ್ಲೂ ಮರೆಯುತ್ತಿರಲಿಲ್ಲ. ಅಮ್ಮ ಮನೆಯಲ್ಲೇ ಕೂತು ಟೈಲರ್ ಅಂಗಡಿಯವರಿಗೆ ಬಟ್ಟೆಯ ಅಂಚು ಮಡಚಿ ಹೊಲಿದುಕೊಡುತ್ತಿದ್ದಳು. ಅವಳ ಹೊಲಿಗೆ ಮೆಷಿನು ಇದ್ದದ್ದು ಆ ಸ್ಟೋರ್ ರೂಮಿನಲ್ಲಿ. ಮೆಷಿನಿನ ಮೇಲಿನ ಗೋಡೆಗೆ ಅಜ್ಜಿಯ ಫೋಟೋ ತೂಗುಹಾಕಿದ್ದರಿಂದ ಆ ಕೋಣೆಗೆ ಅಜ್ಜಿಯ ಕೋಣೆ ಎಂದೇ ಹೆಸರು. ಅಜ್ಜಿ ದುಬೈಗೆ ಬಂದವರೇ ಅಲ್ಲ. ಕಾಪುವಿನ ಹತ್ತಿರದ ಒಂದು ಊರಲ್ಲಿ ಹುಟ್ಟಿ, ಅಲ್ಲೇ ತೀರಿಕೊಂಡವರು, ಅಮ್ಮನ ಅಮ್ಮ.

ಆಗೆಲ್ಲ ಶುಕ್ರವಾರ ರಜೆ. ಶುಕ್ರವಾರವೆಂದರೆ ಕೋಳಿ. ಬೆಳಗ್ಗೆ ಪಪ್ಪ ಜೀವದ ಕೋಳಿ ಕಡಿದುಕೊಡುವ ಅಂಗಡಿಗೆ ಹೋಗಿ, ತಕ್ಕಡಿಯ ಮೇಲೊಂದು ಕಣ್ಣು, ಅಂಗಡಿಯವನ ಕೈಯ ಮೇಲೊಂದು ಕಣ್ಣು ಇಟ್ಟು ತರುತ್ತಿದ್ದರು. ಫ್ರೀಜರಿನ ಕೋಳಿಯನ್ನು ಅಮ್ಮ ನಂಬುತ್ತಿರಲಿಲ್ಲ. ಯಾವ ಕಾಲದಲ್ಲಿ ಸತ್ತದ್ದೋ ಅನ್ನುತ್ತಿದ್ದಳು. ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಒಂದು ಚಿಟಿಕೆ ಮೆಂತೆ, ಎಲ್ಲವನ್ನೂ ಬೇರೆಬೇರೆಯಾಗಿ ಹುರಿಯಬೇಕು, ಒಂದರ ಹೊತ್ತು ಇನ್ನೊಂದಕ್ಕೆ ಆಗುವುದಿಲ್ಲ. ಕೊನೆಗೆ ಅದೇ ಬಾಣಲೆಯಲ್ಲಿ ಬೆಳ್ಳುಳ್ಳಿ, ಕಾಯಿತುರಿ. ತುರಿ ಕೆಂಪಗಾಗುವ ಹೊತ್ತಿಗೆ ಗ್ಯಾರೇಜಿನವರೂ ಸುತ್ತಿಗೆ ನಿಲ್ಲಿಸಿ ಮೂಗರಳಿಸುತ್ತಿದ್ದರು. ಆ ಕೆಂಪು ಮಸಾಲೆಯಲ್ಲಿ ಕೋಳಿ ಬೆಂದು, ಮೇಲೆ ಗಟ್ಟಿ ಕಾಯಿಹಾಲು ಬಿದ್ದರೆ ಕೋರಿ ಗಸಿ. ಅದರ ಜೊತೆಗೆ ಒಣ ಅಕ್ಕಿರೊಟ್ಟಿ. ಅದು ಊರಿನಿಂದ ಬರುವವರ ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ಮಲಗಿಕೊಂಡು ಬರಬೇಕು, ಎಷ್ಟು ಜೋಪಾನ ಮಾಡಿದರೂ ಅರ್ಧ ಪುಡಿಯಾಗಿರುತ್ತಿತ್ತು. ರೊಟ್ಟಿಯನ್ನು ತಟ್ಟೆಯಲ್ಲಿ ಮುರಿದು ಹಾಕಿ ಬಿಸಿ ಗಸಿ ಹೊಯ್ದರೆ ಸಣ್ಣಗೆ ಚಟಚಟ ಅನ್ನುವುದು. ಆ ಸದ್ದು ನಿಲ್ಲುವ ಮೊದಲೇ ತಿನ್ನಬೇಕು. ಕೋಳಿಯ ಒಂದು ಕಾಲು ನನಗೆ, ಇನ್ನೊಂದು ಪಪ್ಪನಿಗೆ. ಅದು ಮನೆಯ ಕಾನೂನು.

ನಮ್ಮ ತುಳುನಾಡಿನಲ್ಲಿ ಆಟಿ ತಿಂಗಳು ಅಂತ ಒಂದಿದೆ, ಹೊರಗೆ ಮಳೆ ಕುಟ್ಟುವ ಕಾಲ. ಆಗ ತೀರಿಹೋದ ಹಿರಿಯರಿಗೆ ಬಡಿಸುವ ಕ್ರಮ. ಬಾಳೆ ಎಲೆಯ ಮೇಲೆ ಕೋಳಿ, ರೊಟ್ಟಿ, ಅವರಿಗೆ ಇಷ್ಟವಾದದ್ದೆಲ್ಲ ಬಡಿಸಿ, ದೀಪ ಇಟ್ಟು, ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚುತ್ತಾರೆ. ಹಿರಿಯರು ಬಂದು ಉಣ್ಣುವವರೆಗೆ ಯಾರೂ ಇಣುಕಬಾರದು. ಸ್ವಲ್ಪ ಹೊತ್ತು ಬಿಟ್ಟು, ಬಾಗಿಲ ಹೊರಗೆ ನಿಂತು ಕೆಮ್ಮಿ, ಆಮೇಲೆ ತೆರೆಯಬೇಕು. ಕೆಮ್ಮುವುದು ಯಾಕೆಂದರೆ ಉಂಡು ಏಳಲು ಅವರಿಗೂ ಒಂದು ಸೂಚನೆ ಬೇಕಲ್ಲ. ಹಿರಿಯರು ಪರಿಮಳ ಮಾತ್ರ ಉಣ್ಣುತ್ತಾರೆ, ಎಲೆಯಲ್ಲಿ ಇಟ್ಟದ್ದು ಇಟ್ಟ ಹಾಗೇ ಇರುತ್ತದೆ, ಅದನ್ನು ಮನೆಯವರು ಹಂಚಿಕೊಂಡು ತಿನ್ನುತ್ತಾರೆ. ಸತ್ವಾದಲ್ಲೂ ಅಮ್ಮ ಇದನ್ನು ಬಿಟ್ಟಿರಲಿಲ್ಲ. ವರ್ಷಕ್ಕೊಮ್ಮೆ ಮಲಯಾಳಿ ಗ್ರೋಸರಿಯಿಂದ ಎಲೆ ತಂದು ಅಜ್ಜಿಯ ಕೋಣೆಯಲ್ಲಿ ಬಡಿಸುತ್ತಿದ್ದಳು. ಎ.ಸಿ.ಯ ಗುರುಗುರು ಸದ್ದಿನಲ್ಲಿ ಅಜ್ಜಿ ಬಂದದ್ದು ಹೋದದ್ದು ನಮಗೆ ತಿಳಿಯುತ್ತಿರಲಿಲ್ಲ, ಅಷ್ಟೆ.

ನಾನು ಮೂರನೇ ಕ್ಲಾಸಿನಲ್ಲಿದ್ದ ಚಳಿಗಾಲದಲ್ಲಿ ಅಜ್ಜಿಗೆ ಇದ್ದಕ್ಕಿದ್ದಂತೆ ಪ್ರತಿ ಶುಕ್ರವಾರ ಹಸಿವಾಗತೊಡಗಿತು. ಅಮ್ಮ ಹೊಲಿಗೆ ಮೆಷಿನನ್ನು ನಮ್ಮ ಕೋಣೆಗೆ ತಂದುಕೊಂಡಳು. ಅಜ್ಜಿಯ ಕೋಣೆಗೆ ಬೀಗ ಬಿತ್ತು. ಶುಕ್ರವಾರ ಅಡುಗೆಯಾದ ಕೂಡಲೇ ಒಂದು ಪಾಲು ಬಡಿಸಿಕೊಂಡು, ಸೆರಗು ಮುಚ್ಚಿ, ಅಂಗಳ ದಾಟಿ ಒಳಗೆ ಹೋಗಿ ಬರುವಳು. ಅಜ್ಜಿ ಕನಸಲ್ಲಿ ಬಂದಿದ್ದಾರೆ, ಬಡಿಸಬೇಕು ಎಂದಳು. ನಾನು ಮೊದಲು ಭಯಪಟ್ಟೆ, ಆಮೇಲೆ ಗಮನಿಸತೊಡಗಿದೆ. ಹಿರಿಯರಿಗೆ ಎಲೆ ಯಾಕಿಲ್ಲ, ಸ್ಟೀಲ್ ತಟ್ಟೆ ಯಾಕೆ? ಪರಿಮಳ ಮಾತ್ರ ಉಣ್ಣುವವರು ಮೂಳೆಯನ್ನು ಅಗಿದು ಅದರ ರಸ ಹೀರುತ್ತಾರಾ? ತಟ್ಟೆಯಲ್ಲಿ ವಾಪಸು ಬರುತ್ತಿದ್ದ ಮೂಳೆಗಳು ತೊಳೆದಿಟ್ಟಷ್ಟು ಬೆಳ್ಳಗಿರುತ್ತಿದ್ದವು. ಎಲ್ಲಕ್ಕಿಂತ ದೊಡ್ಡ ಅನ್ಯಾಯವೆಂದರೆ ಪಪ್ಪನ ಪಾಲಿನ ಕಾಲು ಈಗ ಅಜ್ಜಿಗೆ ಹೋಗುತ್ತಿತ್ತು. ಪಪ್ಪ ಎದೆಯ ಒಣ ತುಂಡನ್ನು ಚೀಪುತ್ತ ಕೂರುತ್ತಿದ್ದರು. ಸತ್ತ ಅತ್ತೆಗಾಗಿ ಕೋಳಿಯ ಕಾಲು ಬಿಟ್ಟುಕೊಡುವ ಅಳಿಯ ಅವರಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಒಂದು ಮಧ್ಯಾಹ್ನ ನಾನು ಪರದೆಯ ಹಿಂದೆ ಮಲಗಿ ನಿದ್ದೆ ಬಂದವಳಂತೆ ಇದ್ದೆ. ನಿದ್ದೆಯ ನಾಟಕ ನನಗೆ ಆಗಲೇ ಕರಗತವಾಗಿತ್ತು. ಪಪ್ಪ ಪಿಸುದನಿಯಲ್ಲಿ ಬೈಯುತ್ತಿದ್ದರು. ಸಿಕ್ಕಿಬಿದ್ದರೆ ವೀಸಾ ಕ್ಯಾನ್ಸಲ್, ಜೈಲು, ಆಮೇಲೆ ಮೂವರನ್ನೂ ಊರಿಗೆ ಅಟ್ಟುತ್ತಾರೆ, ಖಲಾಸ್ ಎನ್ನುತ್ತಿದ್ದರು. ಅಮ್ಮ ಬಟ್ಟೆ ಮಡಚುತ್ತಲೇ ಇದ್ದಳು. ಕೊನೆಗೆ ಒಂದೇ ಮಾತು ಹೇಳಿದಳು.

"ನಮ್ಮನ್ನು ಅಟ್ಟಿದರೂ ಊರಿಗೆ ತಾನೇ ಅಟ್ಟುವುದು. ಅವಳಿಗೆ ಅದೂ ಇಲ್ಲ."

ಅವಳಿಗೆ! ಅಮ್ಮ ಅಜ್ಜಿಯನ್ನು ಜೀವಮಾನದಲ್ಲಿ ಏಕವಚನದಲ್ಲಿ ಕರೆದವಳಲ್ಲ. ಅವತ್ತಿನಿಂದ ನನಗೆ ಆ ಬೀಗ ಹಾಕಿದ ಬಾಗಿಲನ್ನು ಬಿಟ್ಟು ಬೇರೇನೂ ಕಾಣದಾಯಿತು. ಶಾಲೆಯಿಂದ ಬಂದವಳು ಅದರ ಎದುರಿಗೇ ಸ್ಕಿಪ್ಪಿಂಗ್ ಆಡುತ್ತಿದ್ದೆ. ಕಿವಿಯಿಟ್ಟರೆ ಎ.ಸಿ.ಯ ಸದ್ದು ಮಾತ್ರ. ಮಗಾ, ಬೇರೆ ಕಡೆ ಆಡು ಎಂದು ಅಮ್ಮ ಅಡುಗೆಮನೆಯಿಂದ ಕೂಗುತ್ತಿದ್ದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆಯಿತ್ತು. ಅಮ್ಮ ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು, ಅದು ನನಗೆ ಯಾವ ಭೂತಕ್ಕಿಂತಲೂ ಕೆಟ್ಟದಾಗಿತ್ತು.

ಸಂಶಯಪಡುವವಳು ನಾನೊಬ್ಬಳೇ ಆಗಿರಲಿಲ್ಲ. ಜೆಸಿಂತಾ ಆಂಟಿ ತಮ್ಮ ಒಲೆಯ ಮುಂದೆ ನಿಂತು, ಅಮ್ಮ ತಟ್ಟೆ ಹಿಡಿದು ಅಂಗಳ ದಾಟುವುದನ್ನು ಪ್ರತಿವಾರ ನೋಡುತ್ತಿದ್ದರು. ಅವರೂ ನಮ್ಮ ಕಡೆಯವರೇ, ಆಟಿ ಯಾವಾಗ ಬರುತ್ತದೆ ಎಂದು ಅವರಿಗೆ ಹೇಳಿಕೊಡಬೇಕಾಗಿರಲಿಲ್ಲ. ಆಟಿ ಕಳೆದು ಎಷ್ಟು ಸಮಯ ಆಯ್ತು ಸುಮತಿ ಎಂದು ಒಂದು ದಿನ ಮೀನು ಹುರಿಯುತ್ತಲೇ ಕೇಳಿದರು. ಅಮ್ಮ ತಡವರಿಸಲಿಲ್ಲ. ದುಬೈಯಲ್ಲಿ ಆಟಿಯೂ ಇಲ್ಲ, ಮಳೆಯೂ ಇಲ್ಲ, ಶುಕ್ರವಾರ ಮಾತ್ರ ರಜೆ, ಹಿರಿಯರಿಗೂ ಅವತ್ತೇ ಆಗಬೇಕಷ್ಟೆ ಎಂದಳು. ಆಂಟಿ ನಕ್ಕರು. ಆದರೆ ಮೀನು ತಿರುವಿ ಹಾಕಲು ಮರೆತರು, ಅದು ಒಂದು ಬದಿ ಕರಟಿಹೋಯಿತು.

ಆಂಟಿಯನ್ನು ನಾನು ಈಗ ದೂರುವುದಿಲ್ಲ. ಪಕ್ಕದ ಗಲ್ಲಿಯ ವಿಲ್ಲಾಗಳಲ್ಲಿ ಕೋಣೆಕೋಣೆ ತೆರೆಸಿ ನೋಡುತ್ತಿದ್ದಾರೆ ಎಂಬ ಸುದ್ದಿ ಹಬ್ಬಿತ್ತು. ಕಾಗದಪತ್ರವಿಲ್ಲದೆ ಉಳಿದುಕೊಂಡವರನ್ನು ಇಲ್ಲಿ 'ಖಲ್ಲಿವಲ್ಲಿ' ಎನ್ನುತ್ತಾರೆ. ಯಾರದೇ ವಿಲ್ಲಾದಲ್ಲಿ ಒಬ್ಬ ಖಲ್ಲಿವಲ್ಲಿ ಸಿಕ್ಕಿದರೂ ಮೊದಲು ಹಿಡಿಯುವುದು ಕರಾರಿನಲ್ಲಿ ಹೆಸರಿದ್ದವನನ್ನು. ಆಂಟಿಯ ಗಂಡ ರಾತ್ರಿಪಾಳಿಗೆ ಹೋಗುವ ಮೊದಲು, ಸುಮತಿಯವರ ಆ ಬೀಗದ ಕೋಣೆಯನ್ನು ಒಮ್ಮೆ ತೆರೆಸಿ ನೋಡು, ಮಕ್ಕಳ ಭವಿಷ್ಯ ಉಂಟು ಎಂದು ಹೆಂಡತಿಗೆ ಹೇಳುವುದು ಅಂಗಳದ ಈಚೆಗೂ ಕೇಳಿತು. ಬಹುಶಃ ಕೇಳಲಿ ಎಂದೇ ಹೇಳಿದ್ದು.

ಅದೇ ವಾರ ನಾನು ಹಟ ಹಿಡಿದಿದ್ದೆ. ಕ್ಲಾಸಿನ ಮಕ್ಕಳೆಲ್ಲ ಡಬ್ಬಿ ತುಂಬ ಬರುವ ಅಮೆರಿಕನ್ ಫ್ರೈಡ್ ಚಿಕನ್ ತಿಂದ ಕಥೆ ಹೇಳುತ್ತಿದ್ದರು, ನನಗೂ ಬೇಕು. ಗಸಿ ಬೇಡ, ಸುಕ್ಕ ಬೇಡ, ಕಾಯಿ ಹಾಕಿದ ಯಾವ ಕೋಳಿಯೂ ಬೇಡ ಎಂದು ಊಟ ಬಿಟ್ಟು ಕೂತೆ. ಅಮ್ಮ ಬೈದಳು. ಆದರೆ ಗುರುವಾರ ಸಂಜೆ ನೋಡಿದರೆ ಒಂದು ದಿನ ಮೊದಲೇ ತರಿಸಿದ ಕೋಳಿಯ ತುಂಡುಗಳನ್ನು ಬೆಳ್ಳುಳ್ಳಿ, ಉಪ್ಪು, ಮೆಣಸಿನಪುಡಿಯ ಜೊತೆ ಒಂದು ಪಾತ್ರೆಯಲ್ಲಿ ಹಾಕಿ, ಮೇಲಿಂದ ಲಬಾನ್ ಹೊಯ್ಯುತ್ತಿದ್ದಳು. ಲಬಾನ್ ಎಂದರೆ ಇಲ್ಲಿ ಬಾಟಲಿಯಲ್ಲಿ ಸಿಗುವ ದಪ್ಪ ಮಜ್ಜಿಗೆ. ಮಜ್ಜಿಗೆಯಲ್ಲಿ ಕೋಳಿ! ಕಾಪುವಿನ ಅಜ್ಜಿ ಕಂಡಿದ್ದರೆ ಪಾತ್ರೆಯ ಸಮೇತ ಅಂಗಳಕ್ಕೆ ಎಸೆಯುತ್ತಿದ್ದರು. ಫ್ರಿಜ್ಜಿನ ಬಾಗಿಲು ತೆರೆದ ಆಂಟಿಯೂ ಪಾತ್ರೆಯ ಮುಚ್ಚಳ ಎತ್ತಿ ನೋಡಿ ಮುಚ್ಚಿದರು.

ಆಗ ಇಲ್ಲಿ ಚರ್ಚಿನ ಪೂಜೆಯೂ ರಜೆಯ ಶುಕ್ರವಾರವೇ. ಆ ಬೆಳಗ್ಗೆ ಆಂಟಿ ಚರ್ಚಿನಿಂದ ಬೇಗ ಬಂದುಬಿಟ್ಟಿದ್ದರು. ಮಕ್ಕಳೂ ಗಂಡನೂ ಅಲ್ಲೇ ಉಳಿದಿದ್ದರು. ಅಮ್ಮ ಒಲೆಯ ಮುಂದಿದ್ದಳು. ಮೈದಾಕ್ಕೆ ಕಾಳುಮೆಣಸಿನ ಪುಡಿ ಬೆರೆಸಿ ಒಂದು ತಟ್ಟೆಯಲ್ಲಿ ಹರಡಿದ್ದಳು. ಎಡಗೈಯಿಂದ ಲಬಾನಿನ ತುಂಡು ಎತ್ತಿ ಹಿಟ್ಟಿಗೆ ಹಾಕುವುದು, ಬಲಗೈಯಿಂದ ಮಾತ್ರ ಹಿಟ್ಟು ಮೆತ್ತಿ ಒತ್ತುವುದು. ಒಂದು ಕೈ ಒದ್ದೆ, ಒಂದು ಕೈ ಒಣ, ಒಂದು ಇನ್ನೊಂದನ್ನು ಮುಟ್ಟುವುದಿಲ್ಲ. ಹಾಗೆ ಮೆತ್ತಿದ ತುಂಡನ್ನು ಕೂಡಲೇ ಎಣ್ಣೆಗೆ ಬಿಡದೆ, ಹಿಟ್ಟು ಪಸೆಯಾಗುವವರೆಗೆ ಸಾಲಾಗಿ ಇಟ್ಟು ಕಾಯುತ್ತಿದ್ದಳು. ಆಮೇಲೆ ಬಾಣಲೆಗೆ ಇಳಿಸಿ, ಮುಚ್ಚಳ ಹಾಕಿ, ಸಣ್ಣ ಉರಿ. ಅಮ್ಮನ ಅಡುಗೆ ಹಾಗಲ್ಲ. ಮಸಾಲೆಯನ್ನು ಎರಡೂ ಕೈಯಿಂದ, ಬಳೆಯವರೆಗೆ ಮೆತ್ತಿಕೊಂಡು ಕಲಸುವವಳು ಅವಳು. ಅವತ್ತು ಅವಳ ಎರಡು ಕೈಗಳು ಬೇರೆ ಯಾರದೋ ಮಾತು ಕೇಳುತ್ತಿದ್ದವು. ಆಂಟಿ ತಲೆಯ ಮೇಲಿನ ಸ್ಕಾರ್ಫ್ ಕೂಡ ತೆಗೆಯದೆ ಅದನ್ನು ನೋಡುತ್ತ ನಿಂತಿದ್ದರು.

ಒಂದು ತುಂಡು ತಣಿದ ಮೇಲೆ ಅಮ್ಮ ಅವರಿಗೂ ಕೊಟ್ಟಳು. ಹೊರಗೆ ಗರಿಗರಿ, ಒಳಗೆ ಬೆಣ್ಣೆ. ನಾನು ಬಾಯಿ ಸುಟ್ಟುಕೊಂಡು ತಿನ್ನುತ್ತಿದ್ದೆ. ಆಂಟಿ ನಿಧಾನಕ್ಕೆ ತಿಂದು ಮುಗಿಸಿ, ಮೂಳೆಯನ್ನು ಕಸದ ಡಬ್ಬಿಗೆ ಹಾಕಿ, ಕೈ ತೊಳೆದರು.

"ರುಚಿ ಉಂಟು. ಆದ್ರೆ ಇದು ನಿನ್ನ ಕೈ ಅಲ್ಲ, ಸುಮತಿ."

ಟಿವಿಯಲ್ಲಿ ನೋಡಿ ಕಲಿತದ್ದು ಎಂದಳು ಅಮ್ಮ. ನಿಮ್ಮ ಟಿವಿಯಲ್ಲಿ ಬರುವುದು ನಮ್ಮ ಟಿವಿಯಲ್ಲೂ ಬರ್ತದೆ ಎಂದು ಹೇಳಿ ಆಂಟಿ ಕೈ ಒರೆಸಿಕೊಂಡು ಅಂಗಳಕ್ಕಿಳಿದರು. ಅಮ್ಮ ಆಗಷ್ಟೇ ತಟ್ಟೆ ಒಳಗಿಟ್ಟು ಬಂದಿದ್ದಳು, ಬಾಗಿಲಿಗೆ ಬೀಗ ಹಾಕಿರಲಿಲ್ಲ, ಬರೀ ಚಿಲಕ. ಆಂಟಿ ನೇರವಾಗಿ ಹೋಗಿ ಚಿಲಕಕ್ಕೆ ಕೈ ಹಾಕಿದರು. ಪಪ್ಪ ನಮ್ಮ ಕೋಣೆಯ ಬಾಗಿಲಲ್ಲಿ ಬನಿಯನ್ನಿನಲ್ಲೇ ನಿಂತಿದ್ದರು, ಮ್ಲಾನವಾದ ಆ ಮುಖವನ್ನು ನಾನು ಮರೆತಿಲ್ಲ. ಅಮ್ಮ ಓಡಿ ಬಂದಳು, ಆದರೆ ತಡೆಯಲಿಲ್ಲ. ತಡೆದರೆ ಒಪ್ಪಿಕೊಂಡ ಹಾಗೆ. ಅಷ್ಟರಲ್ಲಿ ಒಳಗಿನಿಂದ ಕೆಮ್ಮು ಕೇಳಿತು. ಮೆಣಸಿನ ಖಾರ ನೆತ್ತಿಗೇರಿದಾಗ ಬರುತ್ತದಲ್ಲ, ಅಂಥದ್ದು. ಯಾರೋ ಬಾಯಿಗೆ ಬಟ್ಟೆ ಒತ್ತಿಕೊಂಡು ಅದನ್ನು ನುಂಗಲು ನೋಡಿದರು, ಆಗಲಿಲ್ಲ.

ಆಂಟಿಯ ಕೈ ಚಿಲಕದ ಮೇಲೆ ಹಾಗೇ ಇತ್ತು. ಎಷ್ಟು ಹೊತ್ತೋ, ನನಗೆ ಗೊತ್ತಿಲ್ಲ. ಆಮೇಲೆ ಅವರು ಕೈ ತೆಗೆದರು. ಅಂಗಳದಲ್ಲಿದ್ದ ಪ್ಲಾಸ್ಟಿಕ್ ಕುರ್ಚಿ ಎಳೆದು, ಬಾಗಿಲಿಗೆ ಬೆನ್ನು ಹಾಕಿ ಕೂತರು.

"ಹಿರಿಯರು ಊಟ ಮಾಡ್ತಾ ಇದ್ದಾರೆ. ನಡುವಲ್ಲಿ ಬಾಗಿಲು ತೆಗೀಬಾರ್ದು," ಎಂದರು. ಆಮೇಲೆ ದನಿ ತಗ್ಗಿಸಿ, ಅಮ್ಮನಿಗೆ ಮಾತ್ರ ಎಂಬಂತೆ, "ನೋಡಿದ್ರೆ ನಾನು ಹೇಳ್ಬೇಕಾಗ್ತದೆ. ನಾನು ನೋಡ್ಲಿಲ್ಲ. ಸಂಶಯ ಮಾತ್ರ ಉಂಟು, ಅದು ಇರ್ಲಿ," ಎಂದರು.

ಗಂಡ ಬಂದು ಕೇಳಿದಾಗ, ಅದು ಅವರ ಅಜ್ಜಿಯ ಕೋಣೆ, ನಮಗೆ ಎಂತ ಕೆಲಸ ಅಲ್ಲಿ ಎಂದುಬಿಟ್ಟರು. ಮನೆಗಳನ್ನು ತಪಾಸಣೆ ಮಾಡುವವರು ನಮ್ಮ ಗಲ್ಲಿಗೆ ಬರಲೇ ಇಲ್ಲ, ದೇವರು ದೊಡ್ಡವನು. ಅಂದಿನಿಂದ ಆಂಟಿಯ ಮನೆಯವರು ಶುಕ್ರವಾರ ಚರ್ಚಿಗೆ ಹೋದರೆ ಬರುವುದು ತಡವಾಗತೊಡಗಿತು. ಆ ಹೊತ್ತಿನಲ್ಲಿ ಬಚ್ಚಲಿನಲ್ಲಿ ನೀರಿನ ಸದ್ದಾಗುತ್ತಿತ್ತು, ನಾನು ಮಾತ್ರ ನಮ್ಮ ಕೋಣೆಯ ಬಾಗಿಲು ಹಾಕಿಕೊಂಡು ಟಿವಿ ನೋಡಬೇಕು. ವಾಪಸು ಬರುವಾಗ ಆಂಟಿ ಗೇಟಿನ ಹೊರಗೆ ನಿಂತು, ಎದೆ ಹರಿಯುವ ಹಾಗೆ ಕೆಮ್ಮುತ್ತಿದ್ದರು. ಆಮೇಲೆ ಪರ್ಸಿನಲ್ಲಿ ಕೀಲಿಕೈ ಹುಡುಕುವ ನಾಟಕ. ಇಷ್ಟು ಕೆಮ್ಮಿದರೆ ಎಕ್ಸ್‌ರೇ ತೆಗೆಸು ಎಂದು ಗಂಡ ರೇಗುತ್ತಿದ್ದರು. ಹಬ್ಬದ ದಿನ ಇಡ್ಲಿಯಂಥ ಸನ್ನಾ ಮಾಡಿದಾಗ ಒಂದು ತಟ್ಟೆ ಹೆಚ್ಚಿಗೆ ತಂದು ಅಮ್ಮನ ಒಲೆಯ ಪಕ್ಕ ಇಟ್ಟು, ನಿಮ್ಮ ಹಿರಿಯರಿಗೆ ಎಂದು ಹೋಗುತ್ತಿದ್ದರು. ಒಂದು ಸಲವೂ ಅವರು ಅಮ್ಮನನ್ನು ಬೇರೇನೂ ಕೇಳಲಿಲ್ಲ, ಅಮ್ಮ ಹೇಳಲೂ ಇಲ್ಲ. ಅಷ್ಟು ಬಾಯಿಯಿದ್ದ ಇಬ್ಬರು ಹೆಂಗಸರು ಅದನ್ನು ಹೇಗೆ ಸಾಧಿಸಿದರೋ!

ಸೆಕೆ ಶುರುವಾಗುವ ಹೊತ್ತಿಗೆ ಸರಕಾರ ಆಮ್ನೆಸ್ಟಿ ಕೊಟ್ಟಿತು. ಕಾಗದವಿಲ್ಲದವರು ದಂಡವಿಲ್ಲದೆ ಊರಿಗೆ ಹೋಗಬಹುದು ಎಂಬ ಮಾಫಿ. ಆ ಸುದ್ದಿಯನ್ನು ನಮ್ಮ ಮನೆಗೆ ಮೊದಲು ತಂದವರು ಆಂಟಿ. ಆಸ್ಪತ್ರೆಯಿಂದ ಬಂದವರು ನಮ್ಮ ಕೋಣೆಗೆ ಬರಲಿಲ್ಲ. ಅಂಗಳದಲ್ಲಿ ಒಣಗಿದ ಬಟ್ಟೆ ತೆಗೆಯುತ್ತ, ಅಜ್ಜಿಯ ಕೋಣೆಯ ಬಾಗಿಲಿನ ಕಡೆ ತಿರುಗಿ, ಯಾರಿಗೂ ಅಲ್ಲದ ಹಾಗೆ ದೊಡ್ಡ ದನಿಯಲ್ಲಿ ಎಲ್ಲ ಹೇಳಿದರು. ಕಾನ್ಸುಲೇಟಿಗೆ ಹೋದರೆ ಊರಿಗೆ ಹೋಗ್ಲಿಕ್ಕೆ ಔಟ್‌ಪಾಸ್ ಕೊಡ್ತಾರಂತೆ, ಜೈಲಿಲ್ಲವಂತೆ, ಪಾಸ್‌ಪೋರ್ಟ್ ಇಲ್ಲದಿದ್ದರೂ ಆಗ್ತದಂತೆ, ಹೆದರಬೇಕಾಗಿಲ್ಲವಂತೆ. ಕೊನೆಯ ಮಾತನ್ನು ಇನ್ನೊಮ್ಮೆ ಹೇಳಿದರು. ಕೆಲವು ವಾರದ ನಂತರ ಒಂದು ಶುಕ್ರವಾರ ನನ್ನನ್ನೂ ತಮ್ಮ ಮಕ್ಕಳ ಜೊತೆ ಚರ್ಚಿಗೆ ಕರೆದುಕೊಂಡು ಹೋದರು. ನನ್ನನ್ನು ಯಾಕೆ ಕರೆಯುತ್ತಿದ್ದಾರೆ ಎಂದು ನನಗೆ ದಾರಿಯುದ್ದಕ್ಕೂ ಗುಮಾನಿ. ಬಂದು ನೋಡಿದರೆ ಅಜ್ಜಿಯ ಕೋಣೆಯ ಬಾಗಿಲು ಹಾರು ಹೊಡೆದಿತ್ತು. ನೆಲ ತೊಳೆದಿದ್ದರು. ಸ್ಟೀಲ್ ತಟ್ಟೆ ಗೋಡೆಗೆ ಒರಗಿ ಒಣಗುತ್ತಿತ್ತು. ಅವತ್ತು ಕೋಳಿಯ ಕಾಲು ಪಪ್ಪನಿಗೆ ವಾಪಸು ಬಂತು. ಅವರು ಅದನ್ನು ಸ್ವಲ್ಪ ಹೊತ್ತು ನೋಡಿ, ಎತ್ತಿ ನನ್ನ ತಟ್ಟೆಗೆ ಹಾಕಿದರು.

ಆ ಕೋಣೆಯಲ್ಲಿದ್ದವಳ ಹೆಸರು ಗುಲಾಬಿ ಎಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ಪಪ್ಪ ಹೋದ ಮೇಲೆ ಅಮ್ಮ ನನ್ನ ಜೊತೆ ಇದೇ ಫ್ಲ್ಯಾಟಿನಲ್ಲಿದ್ದಳು, ಕೊನೆಯ ವರ್ಷಗಳಲ್ಲಿ ಮಾತು ಹಿಂದಕ್ಕೆ ಹಿಂದಕ್ಕೆ ಹೋಗುತ್ತಿತ್ತು. ಗುಲಾಬಿ ಮೂಡಬಿದ್ರೆ ಕಡೆಯವಳು, ಮನೆಗೆಲಸಕ್ಕೆ ಬಂದವಳು. ಮೊದಲು ಇದ್ದದ್ದು ಅಮೆರಿಕದ ದಕ್ಷಿಣದ ಕಡೆಯ ಒಬ್ಬ ಮೇಡಮ್ಮಿನ ಮನೆಯಲ್ಲಿ. ಒಳ್ಳೆಯ ಹೆಂಗಸು, ಒದ್ದೆ ಕೈ, ಒಣ ಕೈಯ ಕೋಳಿ ಕಲಿಸಿದ್ದು ಅವಳೇ, ತನ್ನ ತಾಯಿ ಕಲಿಸಿದ್ದು ಎಂದು ಹೇಳಿ ಕಲಿಸಿದ್ದಂತೆ. ಆ ಮೇಡಂ ತನ್ನ ದೇಶಕ್ಕೆ ಮರಳಿದ ಮೇಲೆ ಗುಲಾಬಿಗೆ ಸಿಕ್ಕಿದ ಮನೆಯವರು ಪಾಸ್‌ಪೋರ್ಟ್ ತೆಗೆದಿಟ್ಟುಕೊಂಡು, ಹೊರಗಿನಿಂದ ಬೀಗ ಹಾಕಿ ಹೋಗುತ್ತಿದ್ದರು. ಒಂದು ದಿನ ಕಸ ಹಾಕಲು ಹೊರಗೆ ಬಂದವಳು ಮತ್ತೆ ಒಳಗೆ ಹೋಗಲಿಲ್ಲ. ಸತ್ವಾದ ಬಸ್‌ಸ್ಟಾಪಿನಲ್ಲಿ ಕೂತು, ಯಾವ ಬಸ್ಸು ಹತ್ತುವುದೆಂದು ತಿಳಿಯದೆ, ತುಳುವಿನಲ್ಲಿ ತಾಯಿಯನ್ನು ಕರೆದು ಅಳುತ್ತಿದ್ದಳು. ಹೊಲಿಗೆಯ ಗಂಟು ಹಿಡಿದು ಅಮ್ಮ ಪಕ್ಕದಲ್ಲಿ ನಿಂತಿದ್ದಳು.

"ತುಳುವಿನಲ್ಲಿ ಅಳುವವಳನ್ನು ಬಿಟ್ಟು ಬರ್ಲಿಕ್ಕೆ ಆಗ್ತದಾ ಮಗಾ?" ಎಂದಳು ಅಮ್ಮ. ಅದಕ್ಕಿಂತ ದೊಡ್ಡ ಕಾರಣವೇನೂ ಅವಳಲ್ಲಿರಲಿಲ್ಲ.

ಮಾಫಿಯಲ್ಲಿ ಗುಲಾಬಿ ಊರಿಗೆ ಹೊರಟಳು, ಮುಂಬೈವರೆಗೆ ವಿಮಾನ, ಅಲ್ಲಿಂದ ಬಸ್ಸು. ಮುಟ್ಟಿದ ಕೂಡಲೇ ಫೋನ್ ಮಾಡು ಎಂದು ಅಮ್ಮ ವಿಲ್ಲಾದ ನಂಬರ್ ಬರೆದುಕೊಟ್ಟಿದ್ದಳಂತೆ. ಫೋನ್ ಬರಲಿಲ್ಲ. ನಂಬರ್ ಕಳೆದಿರಬಹುದು ಎಂದು ಮೊದಲು ಅಂದುಕೊಂಡಳು. ಮುಂಬೈಯಲ್ಲಿ ಯಾವನಾದರೂ ಏಜೆಂಟ್ ಹಿಡಿದನೋ ಎಂದು ಆಮೇಲೆ. ಊರು ಮುಟ್ಟಿ, ನಮ್ಮನ್ನು ಮರೆತು, ಮದುವೆಯಾಗಿ ಸುಖವಾಗಿದ್ದಾಳೋ ಎಂದು ಇನ್ನೊಂದು ದಿನ. ಹಾಗಿದ್ದರೆ ಅವಳಿಗೆ ಒಳ್ಳೆಯದಾಗಲಿ, ಕತ್ತೆ ಎಂದು ಬೈಯುವಳು. ಮೂಡಬಿದ್ರೆ ಕಡೆಯ ಎಷ್ಟೋ ಜನರನ್ನು ವಿಚಾರಿಸಿದಳು, ಬರೀ ಗುಲಾಬಿ ಎಂದರೆ ಯಾರನ್ನು ಹುಡುಕುವುದು. ಅಷ್ಟರಲ್ಲಿ ವಿಲ್ಲಾವನ್ನೇ ಕೆಡವಿದರು, ಫೋನಿನ ನಂಬರೂ ಸತ್ತಿತು. ಟ್ಯಾಕ್ಸಿಯಲ್ಲಿ ಆ ಗಲ್ಲಿ ದಾಟುವಾಗಲೆಲ್ಲ ಅಮ್ಮ, ಈಗ ಫೋನ್ ಮಾಡಿದ್ರೂ ಎಲ್ಲಿಗೆ ಮಾಡ್ತಾಳೆ ಎನ್ನುತ್ತಿದ್ದಳು.

ಆಟಿ ಬಂದಾಗ ಅಮ್ಮನಿಗೆ ಸಂಕಟ. ಗುಲಾಬಿ ತೀರಿಹೋಗಿದ್ದರೆ ಅವಳಿಗೆ ಬಡಿಸುವವರು ಇದ್ದಾರೋ ಇಲ್ಲವೋ, ಹಸಿದುಕೊಂಡಿರುತ್ತಾಳೆ. ಬದುಕಿದ್ದರೆ ಹಿರಿಯರ ಸಾಲಿನಲ್ಲಿ ಎಲೆ ಹಾಕುವುದು ಅಪಶಕುನ, ಬದುಕಿದ್ದವಳನ್ನು ಕೊಂದ ಹಾಗೆ. ಕೊನೆಗೆ ಅವಳೇ ಒಂದು ದಾರಿ ಕಂಡುಕೊಂಡಳು. ಅಜ್ಜಿಗೂ ಪಪ್ಪನಿಗೂ ಒಳಗೆ ಎಲೆ, ಬಾಗಿಲು ಮುಚ್ಚಿ. ಗುಲಾಬಿಗೆ ಸ್ಟೀಲ್ ತಟ್ಟೆಯಲ್ಲಿ ಲಬಾನ್ ಕೋಳಿ, ಬಾಗಿಲ ಹೊರಗೆ, ಹೊಸ್ತಿಲ ಪಕ್ಕ. ಇದ್ದರೂ ಸರಿ, ಇಲ್ಲದಿದ್ದರೂ ಸರಿ, ಎರಡು ಕಡೆಯಿಂದಲೂ ಕೈಗೆ ಸಿಗಲಿ ಎನ್ನುತ್ತಿದ್ದಳು. ನಾನು ಹೋದ ಮೇಲೂ ಇದನ್ನು ಬಿಡಬೇಡ ಎಂದಳು. ಹೋದಳು.

ಮೊನ್ನೆ ಕಾರಿಡಾರಿನ ಆ ವಾಸನೆಯ ನಂತರ ನನಗೆ ತಡೆಯಲಾಗದೆ ಜೆಸಿಂತಾ ಆಂಟಿಗೆ ಫೋನ್ ಮಾಡಿದೆ. ಅವರಿಗೆ ಈಗ ವಯಸ್ಸಾಗಿದೆ, ಮಂಗಳೂರಿನಲ್ಲಿ ಮಗನ ಮನೆಯಲ್ಲಿದ್ದಾರೆ, ಕಿವಿ ಮಂದ, ನಾಲಿಗೆ ಚುರುಕು. ನೇರವಾಗಿಯೇ ಕೇಳಿದೆ. ಅವತ್ತು ಒಳಗೆ ಯಾರಿದ್ದರು ಎಂದು ನಿಮಗೆ ಗೊತ್ತಿತ್ತಲ್ಲವಾ ಆಂಟಿ?

"ಎಂತ ಗೊತ್ತು ಮಗಾ? ನಿಮ್ಮ ಅಜ್ಜಿಗೆ ಮಜ್ಜಿಗೆ ಕೋಳಿ ಇಷ್ಟ ಅಂತ ಮಾತ್ರ ಗೊತ್ತು."

ಇಷ್ಟು ವರ್ಷಗಳ ಮೇಲೂ ಬಿಟ್ಟುಕೊಡಲಿಲ್ಲ ಪುಣ್ಯಾತ್ಗಿತ್ತಿ. ಫೋನಿಟ್ಟು ಅತ್ತುಬಿಟ್ಟೆ. ಪಕ್ಕದ ಫ್ಲ್ಯಾಟಿನವರು ಯಾರೆಂದು ನಾನು ಇನ್ನೂ ಕೇಳಿಲ್ಲ. ಅವರ ಬಾಗಿಲ ಮುಂದೆ ಹಾದುಹೋಗುವಾಗ ಮಾತ್ರ ಒಂದು ಸಲ ಜೋರಾಗಿ ಕೆಮ್ಮುತ್ತೇನೆ.

ಈ ವರ್ಷದ ಆಟಿಗೆ ಮಲಗುವ ಕೋಣೆಯಲ್ಲಿ ಮೂರು ಎಲೆ ಹಾಕಿದೆ. ಅಮ್ಮನದು ಅಜ್ಜಿಯ ಪಕ್ಕಕ್ಕೆ. ಗಸಿಯಲ್ಲಿ ಕಾಯಿ ಸ್ವಲ್ಪ ಹೆಚ್ಚೇ ಹುರಿದುಹೋಗಿತ್ತು, ಅಮ್ಮನ ಮುಖ ನೆನಪಾಯಿತು. ದೀಪವಿಟ್ಟು ಹೊರಗೆ ಬಂದು ಬಾಗಿಲು ಮುಚ್ಚಿದೆ. ಹೊಸ್ತಿಲ ಪಕ್ಕ ಸ್ಟೀಲ್ ತಟ್ಟೆಯಲ್ಲಿ ಲಬಾನ್ ಕೋಳಿಯ ಒಂದು ಕಾಲು ಇಟ್ಟೆ. ಶ್ರೇಯಾ ಕಿವಿಯಿಂದ ಇಯರ್‌ಫೋನ್ ತೆಗೆದು ನನ್ನ ಪಕ್ಕದಲ್ಲಿ ಬಂದು ನಿಂತಳು. ತಟ್ಟೆಯನ್ನು ನೋಡಿದಳು, ಮುಚ್ಚಿದ ಬಾಗಿಲನ್ನು ನೋಡಿದಳು. ಅವಳ ಹುಬ್ಬು ನನ್ನ ಹುಬ್ಬಿನ ಹಾಗೆಯೇ ಗಂಟಾಗುತ್ತದೆ.

"ಅಮ್ಮಾ, ಒಳಗೆ ಯಾರಿದ್ದಾರೆ?" ಎಂದು ಕೇಳಿದಳು. ಕನ್ನಡದಲ್ಲಿ ಕೇಳಿದಳು.

ಅಜ್ಜಿ ಎಂದೆ. ಮತ್ತೆ ಇದು ಯಾರಿಗೆ ಎಂದು ತಟ್ಟೆ ತೋರಿಸಿದಳು. ಗೊತ್ತಿಲ್ಲ ಮಗಾ ಎಂದೆ. ಬಾಗಿಲು ತೆರೆಯುವ ಹೊತ್ತಾಗಿತ್ತು. ಚಿಲಕಕ್ಕೆ ಕೈಯಿಟ್ಟು ಕೆಮ್ಮಿದೆ. ಒಳಗೆ ಎ.ಸಿ.ಯ ಗುರುಗುರು. ತೆರೆದರೆ ಏನಿರುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತು, ಎಲೆಯಲ್ಲಿ ಇಟ್ಟದ್ದು ಇಟ್ಟ ಹಾಗೇ ಇರುತ್ತದೆ. ತೆರೆಯುವವರೆಗೆ ಮಾತ್ರ ಒಂದು ಸಂಶಯ ಉಂಟು. ಅದು ಇರಲಿ, ಅವರು ಇನ್ನೂ ಸ್ವಲ್ಪ ಉಣ್ಣಲಿ ಎಂದು ಕೈ ತೆಗೆದೆ.